ಅರಿಶಿನ ಹಚ್ಚಿದ ಹಾಲುಗಂಬ

ಫೆಬ್ರವರಿ 3, ಸೋಮವಾರ

ಈ ಡೈರಿ ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದು. ಇಷ್ಟು ದಿನ ಅಮ್ಮ ಅದರ ಮೇಲೆ ಹಾಲಿನ ಪಾತ್ರೆ ಇಡ್ತಿದ್ದಳು. ಇವತ್ತು ಪವಿತ್ರ ಒರೆಸಿ ನನ್ನ ಕೈಗೆ ಕೊಟ್ಟಳು. ಮಲಗಿದ ಮೇಲೆ ನಾನು ಅವಳಿಗೆ ಒಂದೊಂದೇ ಹೇಳ್ತಾ ಇರ್ತೀನಲ್ಲ, ಗ್ಯಾಸ್ ಆಫ್ ಮಾಡಿದ್ಯಾ, ಹಸುವಿನ ಹಗ್ಗ ಸವೆದಿದೆ, ಅಮ್ಮನ ಕೆಮ್ಮು ಬೇರೆ ಥರ ಕೇಳ್ತು ಅಂತ, ಅದನ್ನೆಲ್ಲ ಇನ್ಮೇಲೆ ಇದರಲ್ಲಿ ಹಾಕಬೇಕಂತೆ. "ರೀ, ನೀವು ಬರ್ಕೊಳ್ಳಿ, ನಾನು ನಿದ್ದೆ ಮಾಡ್ತೀನಿ" ಅಂದಳು. ನಾನು ಒಂಬತ್ತನೇ ಕ್ಲಾಸಿಗೆ ಬಿಟ್ಟವನು. ಅದೂ ನಡುವೆ ಎರಡು ಸಲ ಬಿಟ್ಟು ಸೇರಿ, ಬಿಟ್ಟು ಸೇರಿ. ಯಾರೂ ಓದಲ್ಲ ಅನ್ನೋ ಧೈರ್ಯದ ಮೇಲೆ ಶುರು ಮಾಡ್ತಾ ಇದೀನಿ.

ನಾಳೆಯಿಂದ ಹೊಸ ಕೆಲಸ. ಬಾಶೆಟ್ಟಿಹಳ್ಳಿ ಫ್ಯಾಕ್ಟರಿ ಗೇಟಲ್ಲಿ ಸೆಕ್ಯೂರಿಟಿ ಆಗಿದ್ದೆ, ಕಾಂಟ್ರಾಕ್ಟ್ ಮುಗಿದ ಮೇಲೆ ಮನೇಲೇ ಇದ್ದೆ. ಈಗ ನಮ್ಮ ಸುತ್ತಿನ ಊರುಗಳ ಹಿಪ್ಪುನೇರಳೆ ತೋಟಕ್ಕೆ ಹೊಸ ಹಿಟ್ಟುತಿಗಣೆ ಬಿದ್ದಿದೆ. ಮೈ ಮೇಲೆ ಹಿಟ್ಟು ಉದುರಿಸಿದ ಹಾಗಿರುತ್ತೆ. ಬೇರೆ ದೇಶದಿಂದ ಯಾವುದೋ ಗಿಡದ ಜೊತೆ ಬಂದದ್ದಂತೆ. ಔಷಧಿ ಹೊಡೆದು ಸಾಯಿಸೋಣ ಅಂದರೆ ಆ ಸೊಪ್ಪು ತಿಂದ ರೇಷ್ಮೆ ಹುಳವೂ ಸಾಯುತ್ತೆ. ಅದಕ್ಕೆ ಸರ್ಕಾರದವರು ನಮ್ಮ ಊರುಗಳ ಸುತ್ತ ಗೆರೆ ಹಾಕಿಬಿಟ್ಟರು. ಗೆರೆ ಒಳಗಿನ ಸೊಪ್ಪು, ಕಡ್ಡಿ, ಸಸಿ, ಹೂವು, ಹಸಿ ಕೊಂಬೆ ಯಾವುದೂ ಹೊರಗೆ ಹೋಗಬಾರದು. ದೊಡ್ಡಬೆಳವಂಗಲದ ಕಡೆ ಹೋಗೋ ರಸ್ತೆಗೆ ಬಿದಿರು ಅಡ್ಡ ಕಟ್ಟಿ ಗೇಟ್ ಮಾಡಿದಾರೆ. ಗೇಟ್ ಕಾಯೋಕೆ ದಿನಗೂಲಿ ಮೇಲೆ ನನ್ನ ತಗೊಂಡರು.

ಫ್ಯಾಕ್ಟರಿ ಗೇಟಲ್ಲಿ ಕದ್ದವನು ಸಿಕ್ಕದಿದ್ರೆ ಕಂಪನಿಗೆ ನಷ್ಟ. ಇಲ್ಲಿ ಒಂದು ತಿಗಣೆ ನನ್ನ ಕಣ್ಣು ತಪ್ಪಿಸಿ ಹೋದರೆ ಆಚೆ ಕಡೆ ತೋಟಗಳೆಲ್ಲ ಹೋದವು. ಒಂದು ಹೆಣ್ಣು ತಿಗಣೆ ನೂರಾರು ಮೊಟ್ಟೆ ಇಡುತ್ತಂತೆ. ಇಂಥ ಕೆಲಸಕ್ಕೆ ನನ್ನಂಥವನನ್ನ ಯಾರು ಆರಿಸಿದರೋ.

ಮಲಗೋಕೆ ಮುಂಚೆ ಬಾಗಿಲ ಬೀಗ ನೋಡಿ ಬಂದೆ. ಇಲ್ಲಿವರೆಗೆ ಬರೆಯೋ ಹೊತ್ತಿಗೆ ಮತ್ತೆ ಅನುಮಾನ ಬಂತು. ಎದ್ದು ಹೋಗಿ ನೋಡಿದೆ. ಹಾಕಿತ್ತು.

ಇನ್ನೊಂದು ಸಲ ನೋಡಿದೆ. ಹಾಕಿದೆ.


ಫೆಬ್ರವರಿ 5, ಬುಧವಾರ

ರೇಷ್ಮೆ ಇಲಾಖೆಯಿಂದ ಸಂಘಮಿತ್ರ ಮೇಡಂ ಬಂದು ಹೇಳಿಕೊಟ್ಟರು. ಚಿಕ್ಕ ವಯಸ್ಸು, ಸ್ಕೂಟರಲ್ಲಿ ಬರ್ತಾರೆ, ಬಿಸಿಲಿಗೆ ದುಪಟ್ಟ ತಲೆಗೆ ಸುತ್ತಿಕೊಂಡಿರ್ತಾರೆ. ಎಲೆ ಮೇಲ್ಗಡೆ ನೋಡಿದರೆ ಏನೂ ಗೊತ್ತಾಗಲ್ಲ, ತಿರುಗಿಸಿ ನರದ ಪಕ್ಕ ನೋಡಬೇಕು. ಕುಡಿ ಸುರುಟಿಕೊಂಡಿದ್ರೆ ಬಿಡಿಸಿ ನೋಡಬೇಕು. ತೊಗಟೆ ಸಂದು, ಕಡ್ಡಿ ಕವಲು. ಇರುವೆ ಓಡಾಡ್ತಾ ಇದ್ರೆ ಇನ್ನೂ ಅನುಮಾನ. ಸಿಕ್ಕಿದ್ದನ್ನ ಸೋಪು ನೀರಿನ ಡ್ರಮ್ಮಿಗೆ ಹಾಕಿ ಆಮೇಲೆ ಗುಂಡೀಲಿ ಸುಡಬೇಕು. ನನಗೊಂದು ಭೂತಗನ್ನಡಿ ಕೊಟ್ಟರು.

ನಾನು ಕೇಳಿದ್ದೇ ಕೇಳಿದ್ದು. ಗಾಳಿಗೆ ಹಾರಿ ಹೋದರೆ ಮೇಡಂ? ಹಕ್ಕಿ ಕಾಲಿಗೆ ಅಂಟಿಕೊಂಡು ಹೋದರೆ? ಹಸು ಬಾಯಲ್ಲಿ ಸೊಪ್ಪು ಇಟ್ಟುಕೊಂಡು ಗೇಟ್ ದಾಟಿದರೆ? ಪಾಪ, ಎಲ್ಲದಕ್ಕೂ ಉತ್ತರ ಹೇಳಿದರು. ಹಕ್ಕಿ ಹಿಡಿಯೋದು ನಮ್ಮ ಕೆಲಸ ಅಲ್ಲ, ಜನರ ಕೈಯಲ್ಲಿ ಹೋಗೋದನ್ನ ನಿಲ್ಲಿಸಿದರೆ ಮುಕ್ಕಾಲು ಪಾಲು ನಿಂತ ಹಾಗೆ ಅಂದರು.

ನನ್ನ ಜೊತೆ ಹೋಂಗಾರ್ಡ್ ಉಮಾಶಂಕರ್ ಇದಾನೆ. ಸದಾ ನಗ್ತಾ ಇರೋ ಆಸಾಮಿ. "ಗುರು, ಹಸು ಬಾಯಿಗೆ ನೀನೇ ಕೈ ಹಾಕಿ ನೋಡು, ನಾನು ಬಾಲ ಹಿಡ್ಕೊಂಡಿರ್ತೀನಿ" ಅಂದ. ಮೇಡಂ ಕೂಡ ಮುಖ ತಿರುಗಿಸಿಕೊಂಡು ನಕ್ಕರು.

ಉಳಿದ ಕಾಲು ಪಾಲಿನ ವಿಷಯ ಯಾರೂ ಏನೂ ಹೇಳಲಿಲ್ಲ.


ಫೆಬ್ರವರಿ 9, ಭಾನುವಾರ

ಇವತ್ತು ಮಾನ ಹೋಯ್ತು.

ಬೆಳಿಗ್ಗೆಯಿಂದ ಬೈಸಿಕೊಂಡಿದ್ದೇ. ಬೈಕಿನ ಹಿಂದೆ ಸೊಪ್ಪಿನ ಹೊರೆ ಕಟ್ಟಿಕೊಂಡು ಬಂದ ಒಬ್ಬ, "ಏನಪ್ಪಾ, ಸೊಪ್ಪಿಗೂ ವೀಸಾ ಮಾಡಿಸ್ಬೇಕಾ?" ಅಂದ. "ನನ್ನ ಬೀಗರ ಹುಳ ಹಸ್ಕೊಂಡಿದೆ, ಅದ್ರ ಶಾಪ ನಿನಗೇ ತಟ್ಟೋದು" ಅಂದ. ಹೊರೆ ವಾಪಸ್ ಕಳಿಸಿದೆ.

ಹನ್ನೊಂದರ ಬಸ್ಸಿಗೆ ಹೋಗೋರ ಗುಂಪಲ್ಲಿ ಒಬ್ಬ ಅಜ್ಜಿ ಚೀಲ ತೋರಿಸಿದಳು. ಮೇಲೆ ಸೀರೆ ಇತ್ತು, ಸರಿ ಹೋಗಮ್ಮ ಅಂದೆ. ಅವಳು ಹೋದ ಮೇಲೆ ಮೂಗಿಗೆ ಕರಿಬೇವಿನ ವಾಸನೆ ಬಂತು. ವಾಸನೆ ಚೀಲದ್ದೋ, ಹಿಂದಿನವರದ್ದೋ ಗೊತ್ತಾಗಲಿಲ್ಲ. ಉಮಾಶಂಕರನ ಬೈಕ್ ತಗೊಂಡು ದೊಡ್ಡಬೆಳವಂಗಲದ ಬಸ್‌ಸ್ಟಾಂಡಿನವರೆಗೂ ಓಡಿಸಿದೆ. ಅಜ್ಜಿ ಅಲ್ಲಿ ಬೆಂಚ್ ಮೇಲೆ ಕೂತು ಬನ್ನು ತಿಂತಾ ಇದ್ದಳು. ಚೀಲ ಕಸಿದುಕೊಂಡೆ ಅಂತಲೇ ಹೇಳಬೇಕು. ಒಳಗೆ ಕರಿಬೇವು ಇತ್ತು, ಆದರೆ ಒಣಗಿಸಿ ಪುಡಿ ಮಾಡಿದ್ದು, ಡಬ್ಬಿಯಲ್ಲಿ. "ಏನ್ ಮಗ, ಚಟ್ನಿಪುಡಿ ಬೇಕಿದ್ರೆ ಕೇಳ್ಬಾರ್ದಾ?" ಅಂದಳು. ಬಸ್‌ಸ್ಟಾಂಡೆಲ್ಲ ನಕ್ಕಿತು.

ಉಮಾಶಂಕರ್ ಇಡೀ ಮಧ್ಯಾಹ್ನ ನನ್ನನ್ನ ಚಟ್ನಿಪುಡಿ ಅಂತಲೇ ಕರೆದ.

ಆದರೂ ಅದು ಹಸಿ ಎಲೆ ಆಗಿದ್ದಿದ್ರೆ? ನಾಳೆಯಿಂದ ಚೀಲದ ತಳದವರೆಗೂ ಕೈ ಹಾಕ್ತೀನಿ.


ಫೆಬ್ರವರಿ 14, ಶುಕ್ರವಾರ

ಸೊಣ್ಣಮ್ಮಕ್ಕ ಫೋನ್ ಮಾಡಿದ್ದಳು. ಅವಳ ಮಗಳು ಸಿಂಚನಂಗೆ ಮದುವೆ ನಿಕ್ಕಿ ಆಗಿದೆ. ಮಾರ್ಚ್ ಒಂಬತ್ತು, ಭಾನುವಾರ. ಶುಕ್ರವಾರ ಸಾಯಂಕಾಲ ಚಪ್ಪರ. ನಾನು ಹುಡುಗಿಯ ಸೋದರಮಾವ. ಹಾಲುಗಂಬ ನಾನೇ ತರಬೇಕು.

ನಮ್ಮಲ್ಲಿ ಹಾಲುಗಂಬ ಅಂದರೆ ಹಾಲು ಸುರಿಯೋ ಮರದ ಹಸಿ ಕೊಂಬೆ. ನಮ್ಮ ಮನೆಗೆ ಅತ್ತಿ. ತಾಯಿಯ ತವರಿನಿಂದ ಸೋದರಮಾವ ಕಡಿದು ತಂದು ಚಪ್ಪರದಲ್ಲಿ ನೆಟ್ಟ ಮೇಲೇ ಮದುವೆ ಶುರು. ನಮ್ಮ ಬಾವಿ ಪಕ್ಕದ ಅತ್ತಿಮರದ್ದೇ ಆಗಬೇಕು.

"ಎಲೆ ಚೆನ್ನಾಗಿರೋದು ನೋಡಿ ಕಡಿಯೋ ಜಯ, ಬೀಗರು ನೋಡ್ತಾರೆ" ಅಂದಳು. ನಾನು ಹೂಂ ಅಂದೆ. ಗೇಟಿನ ವಿಷಯ ಹೇಳೋಕೆ ಬಾಯಿ ಬರಲಿಲ್ಲ. ಅವಳು ಮಾತು ಬೇರೆ ಕಡೆ ತಗೊಂಡು ಹೋದಳು. ಮನೆಗೆ ಸುಣ್ಣ ಬಳಿಸ್ತಾ ಇದಾರಂತೆ. ಹಿತ್ತಲು ಗುಡಿಸಿ ಗುಡಿಸಿ ಸೊಂಟ ಹೋಯ್ತಂತೆ. "ಅಪ್ಪ ಕೊಟ್ಟು ಹೋದ ಬಳುವಳಿ ನೋಡು, ದಿನಾ ಒಂದು ಮಂಕರಿ ಅತ್ತಿಹಣ್ಣು ಬೀಳುತ್ತೆ, ನೊಣ ಬೇರೆ" ಅಂತ ಬೈದುಕೊಂಡಳು. ಬೈತಾ ನಗ್ತಾ ಇದ್ದಳು. ಅಕ್ಕ ಖುಷಿಯಾಗಿದ್ದಾಗ ಹಾಗೇ.

ಅವರದು ತ್ಯಾಮಗೊಂಡ್ಲು ಕಡೆಯ ಊರು. ಗೆರೆಯ ಆಚೆ. ಅವರ ಜೀವನ ನಡೆಯೋದೇ ಹಿಪ್ಪುನೇರಳೆ ಮೇಲೆ.


ಫೆಬ್ರವರಿ 15, ಶನಿವಾರ

ನಿದ್ದೆ ಇಲ್ಲ. ತಿಗಣೆ ಅತ್ತಿಮರಕ್ಕೂ ಬರುತ್ತಾ ಅಂತ ಮೇಡಂನ ಕೇಳಿದೆ. ಹಿಪ್ಪುನೇರಳೆ, ಅತ್ತಿ, ಆಲ ಎಲ್ಲ ಒಂದೇ ಕುಲ, ಬಂದೇ ಬರುತ್ತೆ ಅಂದರು. ಕೇಳಬಾರದಿತ್ತು.


ಫೆಬ್ರವರಿ 22, ಶನಿವಾರ

ಭೀಮರಾಜನ ತೋಟ ಕಡಿದರು. ನನ್ನ ಜೊತೆ ಓದಿದವನು, ನಾನು ಬಿಟ್ಟ ಮೇಲೂ ಓದಿದವನು. ಇಲಾಖೆಯವರು ಕೂಲಿಯವರನ್ನ ಕರೆತಂದು ಗಿಡಗಳನ್ನ ಬುಡಕ್ಕೇ ಕೊಯ್ದು ಒಂದೇ ಕಡೆ ರಾಶಿ ಹಾಕಿ ಬೆಂಕಿ ಇಟ್ಟರು. ಹಸಿ ಸೊಪ್ಪು ಬೇಗ ಉರಿಯಲ್ಲ, ಬರೀ ಹೊಗೆ. ಡ್ಯೂಟಿ ಮುಗಿಸಿ ನಾನೂ ಹೋಗಿ ನಿಂತೆ.

ರಾಶಿಯಿಂದ ಬಿದ್ದ ಒಂದು ಕುಡಿ ತೆಗೆದುಕೊಂಡು ಭೂತಗನ್ನಡಿ ಹಿಡಿದೆ. ಇಷ್ಟು ದಿನ ಮೇಡಂ ಫೋನಿನ ಚಿತ್ರದಲ್ಲಿ ನೋಡಿದ್ದು ಬೇರೆ. ಎಲೆ ನರದ ಉದ್ದಕ್ಕೂ ಅಕ್ಕಿಹಿಟ್ಟಿನ ಗೆರೆ ಎಳೆದ ಹಾಗೆ ಕೂತಿದ್ದವು. ಕೆಲವು ನಡೀತಾ ಇದ್ದವು. ಅವು ಸುರಿಸಿದ ಅಂಟಿನ ಮೇಲೆ ಕರೀ ಬೂಷ್ಟು.

"ಔಷಧಿ ಅಂಗಡಿಯವನನ್ನ ಬೈಯೋಣ ಅಂದ್ರೆ ಅವನದ್ದಲ್ಲ" ಅಂದ ಭೀಮರಾಜ. "ಸರ್ಕಾರನ ಬೈಯೋಣ ಅಂದ್ರೆ ಇದನ್ನ ಅವರು ತಂದಿಲ್ಲ. ಯಾರೋ ಒಳ್ಳೇ ಮನಸ್ಸಿಂದ ಕೊಟ್ಟ ಕಡ್ಡಿ ಕಣೋ ಜಯ. ಹೊಸ ತಳಿ, ಎಲೆ ಅಗಲ ಬರುತ್ತೆ ಅಂದ್ರು. ನಂಟರು ಕೊಟ್ಟಿದ್ದನ್ನ ತಿರುಗಿಸಿ ನೋಡಕ್ಕಾಗುತ್ತಾ?"

ಅವನು ಹೊಗೆಗೆ ಕಣ್ಣು ಒರೆಸಿಕೊಂಡ. "ನಿನ್ನ ಗೇಟು ಗಟ್ಟಿಯಾಗಿರ್ಲಿ" ಅಂದ.


ಫೆಬ್ರವರಿ 26, ಬುಧವಾರ. ಶಿವರಾತ್ರಿ

ಬೆಳಗಿನ ಜಾವದಿಂದ ಬಿಲ್ವಪತ್ರೆ, ಬಿಲ್ವಪತ್ರೆ. ಪ್ರತಿಯೊಬ್ಬರ ಕೈಲೂ ಒಂದು ಕವರು. ಕಾರಲ್ಲಿ ಬಂದವರು, ಟ್ರಾಕ್ಟರಲ್ಲಿ ಬಂದವರು, ನಡ್ಕೊಂಡು ಬಂದವರು. ಉಪವಾಸ ಬೇರೆ, ಎಲ್ಲರಿಗೂ ಕೋಪ ಮೂಗಿನ ತುದೀಲಿ.

"ಶಿವನಿಗೆ ಹೋಗೋ ಪತ್ರೆ ನಿನ್ನ ಡ್ರಮ್ಮಿಗೆ ಹಾಕಿಸ್ತೀಯಾ?" ಅಂತ ಒಬ್ಬರು ಕೂಗಿದರು. ನಾನು ನಿನ್ನೆಯೇ ಯೋಚನೆ ಮಾಡಿಟ್ಟಿದ್ದೆ. ಯೋಚನೆ ಅಂದರೆ ಹೆದರಿಕೆ, ಆದರೆ ಯೋಚನೆಯೇ ಅಂತಿಟ್ಟುಕೊಳ್ಳೋಣ. ಗೇಟಿನ ಒಳಗಡೆಯ ಅರಳಿಕಟ್ಟೆಯಲ್ಲಿ ಈಶ್ವರನ ಕಲ್ಲಿದೆ. ಪವಿತ್ರನ ಕೈಲಿ ಅದನ್ನ ತೊಳೆಸಿ, ದೀಪ ಹಚ್ಚಿಸಿ, ಚೊಂಬಿಟ್ಟಿದ್ದೆ. "ಈ ಕಡೆ ಪತ್ರೆ ಈ ಕಡೆ ಶಿವನಿಗೆ ಹಾಕಿ, ಆ ಕಡೆ ಪತ್ರೆ ಆ ಕಡೆ ಸಿಗುತ್ತೆ" ಅಂದೆ. ಮೊದಮೊದಲು ಗೊಣಗಿದರು. ಒಬ್ಬಳು ಹಾಕಿದ ಮೇಲೆ ಸಾಲಾಗಿ ಹಾಕೋಕೆ ಶುರು ಮಾಡಿದರು. ಸಾಯಂಕಾಲದ ಹೊತ್ತಿಗೆ ಆ ಕಲ್ಲು ಕಾಣದ ಹಾಗೆ ಪತ್ರೆ ತುಂಬಿತ್ತು.

ಒಬ್ಬರ ದಾಸವಾಳದ ಮೊಗ್ಗಿನ ಬುಡದಲ್ಲಿ ಎರಡು ತಿಗಣೆ ಸಿಕ್ಕಿದವು. ಉಮಾಶಂಕರ್ ನೋಡಿದರೆ ಹೂವಿನ ಪುಡಿ ಅಂದ. ನಾನು ಗುಂಡುಸೂಜಿಯಲ್ಲಿ ಮುಟ್ಟಿದೆ, ಕಾಲಾಡಿಸಿತು. ಅವನು ಬಾಯಿ ಮುಚ್ಚಿಕೊಂಡ. ಆಮೇಲೆ ಪ್ರತಿ ಕವರನ್ನೂ ತಂದು "ಇದನ್ನೊಂಚೂರು ನೋಡು ಗುರು" ಅನ್ನೋಕೆ ಶುರು ಮಾಡಿದ. ಚಟ್ನಿಪುಡಿ ಅನ್ನಲಿಲ್ಲ.

ಕಾಲು ನೋವು. ಅಕ್ಕನಿಗೆ ಇನ್ನೂ ಹೇಳಿಲ್ಲ.


ಮಾರ್ಚ್ 2, ಭಾನುವಾರ

ಮೇಡಂನ ಕೇಳಿಯೇಬಿಟ್ಟೆ. ಒಂದೇ ಒಂದು ಕೊಂಬೆ. ಸೋಪು ನೀರಲ್ಲಿ ಅದ್ದಿ, ಎಲೆ ಒಂದೊಂದೂ ಒರೆಸಿ ಕೊಡ್ತೀನಿ ಅಂದೆ. "ಅಣ್ಣ, ಮೊಟ್ಟೆ ತೊಗಟೆ ಸಂದಲ್ಲಿ ಇರುತ್ತೆ. ಇಲ್ಲ ಅಂತ ನಾನೂ ಹೇಳೋಕಾಗಲ್ಲ, ನೀವೂ ಹೇಳೋಕಾಗಲ್ಲ. ನಿಮ್ಮನೆ ಮದುವೆ ಅಂತ ಬಿಟ್ಟರೆ ನಾಳೆ ಎಲ್ಲರ ಮನೇಲೂ ಮದುವೆ" ಅಂದರು.

ಸಾಯಂಕಾಲ ಅಕ್ಕನಿಗೆ ಫೋನ್ ಮಾಡಿದೆ. ನೇರವಾಗಿ ಹೇಳಿದೆ. ಅಕ್ಕ, ನಮ್ಮ ಕಡೆಯಿಂದ ಕೊಂಬೆ ಬರಲ್ಲ, ಅಲ್ಲೇ ಎಲ್ಲಾದರೂ ಕಡಿಸು.

"ಎಲ್ಲೋ ಬೀದೀಲಿರೋ ಮರದ್ದಾ? ನನ್ನ ಮಗಳಿಗೆ ತವರು ಇಲ್ವಾ?"

"ನಿಮ್ಮ ತೋಟಕ್ಕೇ ಅಕ್ಕ, ತಿಗಣೆ ಬಂದ್ರೆ—"

"ಚಿಕ್ಕೋನಿದ್ದಾಗ ಹಲ್ಲಿ ಲೊಚಗುಟ್ಟಿದ್ರೆ ಸ್ಕೂಲಿಗೆ ಹೋಗ್ತಿರ್ಲಿಲ್ಲ ನೀನು. ಈಗ ಎಲೇಲಿ ಹುಳ ಇರಬೋದು ಅಂತ ನನ್ನ ಮಗಳ ಮದುವೆ ಕೆಡಿಸ್ತೀಯಾ? ಹುಳ ಇರೋದು ನಿನ್ನ ತಲೇಲಿ ಕಣೋ."

ಇಟ್ಟುಬಿಟ್ಟಳು.

ಅಮ್ಮ ಪಕ್ಕದಲ್ಲೇ ಅವರೆಕಾಯಿ ಸುಲೀತಾ ಕೂತಿದ್ದಳು. ಏನೂ ಕೇಳಲಿಲ್ಲ. ಅಮ್ಮ ಕೇಳದೆ ಇದ್ದರೆ ನನಗೆ ಹೆದರಿಕೆ ಜಾಸ್ತಿ.


ಮಾರ್ಚ್ 4, ಮಂಗಳವಾರ

ಬಾವಿ ಪಕ್ಕದ ಅತ್ತಿಮರ ನೋಡಿ ಬಂದೆ. ಕೈಗೆ ಸಿಗೋ ಕೊಂಬೆಗಳಲ್ಲಿ ಏನೂ ಕಾಣಲಿಲ್ಲ. ಮೇಲಿನ ಕೊಂಬೆಗಳು ಕೈಗೆ ಸಿಗಲ್ಲ. ಇರುವೆ ಹತ್ತಿ ಇಳೀತಾ ಇದ್ದವು. ಇರುವೆ ಎಲ್ಲ ಮರಕ್ಕೂ ಹತ್ತುತ್ತೆ.


ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ, ಗೇಟಿನ ಶೆಡ್ಡಲ್ಲಿ

ಡೈರಿ ಇಲ್ಲಿಗೇ ತಂದಿದ್ದೆ. ಮರೆಯೋಕೆ ಮುಂಚೆ ಬರೀತೀನಿ.

ಅಮ್ಮನನ್ನ ಕರೆದುಕೊಂಡು ತವರಿನ ಸಾಮಾನು ತಗೊಂಡು ಹೋಗೋಕೆ ಅಕ್ಕನ ಗಂಡ ಚಿಕ್ಕಬೀರಪ್ಪ ಭಾವ ಬೆಳಿಗ್ಗೆ ಟಾಟಾ ಏಸ್ ತಂದಿದ್ದರು. ಒಳಗೆ ಹೋಗುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹತ್ತೂವರೆಗೆ ವಾಪಸ್ ಬಂದರು. ಹಿಂದೆ ಹೊಸ ಚಾಪೆ, ಹಿತ್ತಾಳೆ ಬಿಂದಿಗೆ, ಅಕ್ಕಿ ಮೂಟೆ. ಮುಂದೆ ಅಮ್ಮ. ಅಮ್ಮನ ತೊಡೆ ಮೇಲೆ, ಮಗು ಮಲಗಿಸಿಕೊಂಡ ಹಾಗೆ, ಹಳದಿ ಬಟ್ಟೆ ಸುತ್ತಿದ ಹಾಲುಗಂಬ. ಆಳುದ್ದದ ಕೊಂಬೆ, ತುದಿ ಕಿಟಕಿಯಿಂದ ಆಚೆ ಬಂದಿತ್ತು. ಬುಡದಿಂದ ತುದೀವರೆಗೂ ಅರಿಶಿನ ಮೆತ್ತಿ, ಕುಂಕುಮ ಇಟ್ಟು, ದಾರ ಸುತ್ತಿದ್ದಳು. ಎಲೆಗಳಿಗೂ ಅರಿಶಿನ.

ಉಮಾಶಂಕರ್ ಅದನ್ನ ನೋಡಿದವನೇ ಟೋಪಿ ತೆಗೆದು, ಕೈ ಮುಗಿದು, ಬಿದಿರು ಎತ್ತಿಬಿಟ್ಟ. ಅವನ ತಪ್ಪಲ್ಲ. ನಮ್ಮಲ್ಲಿ ಯಾರಾದರೂ ಹಾಗೇ ಮಾಡ್ತಾರೆ.

ನಾನು ಹೋಗಿ ಬಿದಿರು ಇಳಿಸಿದೆ.

"ಅಮ್ಮ, ಕೊಡು ಇಲ್ಲಿ."

"ಇದು ಸೊಪ್ಪಲ್ಲ ಕಣೋ ಮಗ. ಅರಿಶಿನ ಹಚ್ಚಿದ ಮೇಲೆ ದೇವ್ರು. ದೇವ್ರಿಗೆ ಎಂಥಾ ತಿಗಣೆ?"

ಭಾವ ಇಳಿದು ಬಂದರು. "ಏನ್ ಭಾಮೈದ, ನೀನು ತರಬೇಕಾದದ್ದನ್ನ ಎಪ್ಪತ್ತು ವರ್ಷದ ಮುದುಕಿ ಮರದಡಿ ನಿಂತು ಕಡಿಸಿದಾಳೆ. ನಾಚಿಕೆ ಆಗಲ್ವಾ? ಸರಿ, ನೋಡು. ನೋಡಿ ಕಳಿಸು. ಇದ್ರೆ ಹೇಳು, ಇಲ್ಲೇ ಎಸೆದು ಹೋಗ್ತೀನಿ."

ನೋಡಿದೆ. ಒದ್ದೆ ಬಟ್ಟೆ ತಗೊಂಡು ಒಂದು ಗೇಣಿನಷ್ಟು ಒರೆಸಿದೆ. ಭೂತಗನ್ನಡಿ ಹಿಡಿದೆ. ಕವಲಿನ ಸಂದಲ್ಲಿ ಸಣ್ಣ ಸಣ್ಣ ಉಂಡೆ ಇದ್ದವು. ಗುಂಡುಸೂಜಿಯಲ್ಲಿ ಮುಟ್ಟಿದೆ. ಅಲುಗಾಡಲಿಲ್ಲ. ಅರಿಶಿನದ ಗಂಟೂ ಇರಬಹುದು, ಅರಿಶಿನದೊಳಗೆ ಸತ್ತ ತಿಗಣೆಯೂ ಇರಬಹುದು, ಮೊಟ್ಟೆಯ ಚೀಲವೂ ಇರಬಹುದು. ಬೇರೆ ಎಲೆ ನೋಡಿದೆ. ಅದೇ ಥರ. ಬಿಳೀದನ್ನ ಹುಡುಕೋ ನನ್ನ ಕಣ್ಣಿಗೆ ಅಮ್ಮ ಎಲ್ಲಾನೂ ಹಳದಿ ಮಾಡಿಟ್ಟಿದ್ದಳು.

"ಇದೆಯಾ ಇಲ್ವಾ? ಒಂದು ಮಾತು ಹೇಳು" ಅಂದರು ಭಾವ.

"ಗೊತ್ತಾಗ್ತಾ ಇಲ್ಲ ಭಾವ."

"ಹಂಗಾದ್ರೆ ಇಲ್ಲ ಅಂತ."

"ಗೊತ್ತಾಗ್ತಾ ಇಲ್ಲ ಅಂದ್ರೆ ಇಲ್ಲ ಅಂತ ಅಲ್ಲ. ಇದು ಹೋಗಲ್ಲ."

ನನ್ನ ಧ್ವನಿ ಅಷ್ಟು ಜೋರಾಗಿತ್ತು ಅಂತ ಆಮೇಲೆ ಉಮಾಶಂಕರ್ ಹೇಳಿದ. ನನಗೆ ನೆನಪಿರೋದು ಭಾವನ ಏಸಿನ ಹಿಂದೆ ಬಸ್ಸೊಂದು ನಿಂತು ಹಾರನ್ ಹೊಡೀತಾ ಇತ್ತು, ಜನ ಕಿಟಕಿಯಿಂದ ಕತ್ತು ಆಚೆ ಹಾಕಿದ್ದರು ಅನ್ನೋದು. ಯಾರೋ "ಬಿಡ್ರಪ್ಪಾ, ಮದುವೆ ಮನೆ ಕಂಬ" ಅಂದರು. ಇನ್ಯಾರೋ, "ನನ್ನ ಮಾವನ ಮನೆ ಬಾಳೆಕಂಬ ಬಿಡ್ಲಿಲ್ಲ, ಇವ್ರದ್ದು ಯಾಕೆ ಬಿಡ್ಬೇಕು?" ಅಂದರು. ಅಷ್ಟು ಹೊತ್ತಿಗೆ ಬಸ್ಸಲ್ಲೇ ಎರಡು ಪಕ್ಷ ಆಗಿತ್ತು.

ಭಾವ ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ನನ್ನ ಮುಖದ ಮುಂದೆ ಹಿಡಿದರು. "ನಿನ್ನ ತಮ್ಮನ ಹತ್ರ ನೀನೇ ಮಾತಾಡು."

ಅಕ್ಕ ಬೈಯಲಿಲ್ಲ. ಅಳ್ತಾ ಇದ್ದಳು. "ಜಯ, ಚಪ್ಪರ ಹಾಕಿ ಆಗಿದೆ. ಗುಂಡಿ ತೋಡಿ ಆಗಿದೆ. ನಾನೇನ್ ಬಂಗಾರ ಕೇಳಿದ್ನಾ? ತವರಿನ ಒಂದು ಕೊಂಬೆ ಕಣೋ."

ಆಗ ನನಗೆ ಅವಳು ಹಿತ್ತಲು ಗುಡಿಸೋದು ಕಣ್ಣಿಗೆ ಬಂತು. ಮಂಕರಿ, ನೊಣ.

"ಅಕ್ಕ, ನಿನ್ನ ಮದುವೆಗೆ ಸೋದರಮಾವ ಊರಲ್ಲಿರಲಿಲ್ಲ, ಕಂಬ ಅಪ್ಪನೇ ತಂದಿದ್ದ ಅಲ್ವಾ?"

"ಅದೆಲ್ಲ ಈಗ್ಯಾಕೆ?"

"ಮದುವೆ ಆದ ಮೇಲೆ ನಿನ್ನ ಗಂಡನ ಮನೆ ಹಿತ್ತಲಲ್ಲಿ ನೆಟ್ಟು ಹೋದ. ಅದು ಚಿಗುರಿ ಮರ ಆಗಿದೆ. ದಿನಾ ಗುಡಿಸ್ತೀಯ. ಅದು ಯಾವ ಮರದ ಕೊಂಬೆ?"

ಆ ಕಡೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ನಮ್ಮ ಬಾವಿ ಪಕ್ಕದ್ದೇ ತಾನೇ? ಗೆರೆ ಹಾಕೋದಕ್ಕೂ ಎಷ್ಟೋ ವರ್ಷ ಮುಂಚೆ ದಾಟಿ ಹೋಗಿದೆ. ನಾನು ಬಂದು ಕಡೀತೀನಿ. ನಿನ್ನ ತವರೂ ಅದೇ, ಸಿಂಚನನ ಸೋದರಮಾವನೂ ನಾನೇ."

ಫೋನ್ ಕಟ್ ಆಯ್ತು. ಅವಳು ಇಟ್ಟಳೋ, ಸಿಗ್ನಲ್ ಹೋಯ್ತೋ ಗೊತ್ತಿಲ್ಲ. ಭಾವ ಫೋನನ್ನೇ ನೋಡ್ತಾ ನಿಂತರು.

ಅಮ್ಮ ಕೊಂಬೆ ಬಿಟ್ಟುಕೊಡಲಿಲ್ಲ. "ಡ್ರಮ್ಮಿಗೆ ಹಾಕಬೇಡ ಕಣೋ, ಅರಿಶಿನ ಕುಂಕುಮ ಇಟ್ಟಿದೀನಿ" ಅಂದಳು. ಅದು ಸರಿ ಅನ್ನಿಸಿತು. ಅವಳನ್ನ ಇಳಿಸಿಕೊಂಡು ಸುಡೋ ಗುಂಡಿ ಹತ್ತಿರ ಕರೆದುಕೊಂಡು ಹೋದೆ. ಒಣ ಸೌದೆ ಹಾಕಿ ಮೇಲೆ ಕೊಂಬೆ ಮಲಗಿಸಿದೆ. ಶೆಡ್ಡಲ್ಲಿ ಶಿವರಾತ್ರಿಯ ಕರ್ಪೂರ ಉಳಿದಿತ್ತು. ಅಮ್ಮನ ಕೈಲೇ ಹಚ್ಚಿಸಿದೆ. ಕೈ ಮುಗಿದಳು, ನಾನೂ ಮುಗಿದೆ. ಉಮಾಶಂಕರ್ ಮತ್ತೆ ಟೋಪಿ ತೆಗೆದ. ಕೊಂಬೆಯ ಹಾಲು ಕುದ್ದು ತುದಿಯಿಂದ ಜಿನುಗಿತು. ಅಮ್ಮ ಸೆರಗಿಂದ ಮುಖ ಒರೆಸಿಕೊಂಡು, "ನಿಮ್ಮಪ್ಪಂದೂ ಇದೇ ಹಟ" ಅಂದು ಹೋಗಿ ಗಾಡಿ ಹತ್ತಿದಳು.

ಅಮ್ಮನ ಸೀರೆ ನೆರಿಗೆ, ಚಾಪೆಯ ಸುರುಳಿ, ಅಕ್ಕಿ ಮೂಟೆ ಎಲ್ಲ ಕೊಡವಿಸಿ ನೋಡಿಯೇ ಬಿದಿರು ಎತ್ತಿದೆ. ಬಸ್ಸಿನವನು ಹಾರನ್ ನಿಲ್ಲಿಸಿದ್ದ.

ಎರಡಕ್ಕೆ ಡ್ಯೂಟಿ ಮುಗಿಯುತ್ತೆ. ಪವಿತ್ರ ಬರ್ತಾಳೆ, ಬೈಕಲ್ಲಿ ಹೋಗ್ತೀವಿ. ಅಕ್ಕ ಒಳಗೆ ಬಾ ಅಂತಾಳೋ ಇಲ್ವೋ, ಹೋದ ಮೇಲೆ ನೋಡಿದ್ರಾಯ್ತು. ಹಸಿವಾಗ್ತಾ ಇದೆ. ಪವಿತ್ರ ಕಟ್ಟಿಕೊಟ್ಟ ಮುದ್ದೆ ಇನ್ನೂ ಬಿಚ್ಚಿಲ್ಲ.


ಮಾರ್ಚ್ 8, ಶನಿವಾರ. ಅಕ್ಕನ ಮನೆ

ಚಪ್ಪರದ ಕೆಳಗೆ ಕೂತು ಬರೀತಾ ಇದೀನಿ. ಒಳಗೆ ಹೆಂಗಸರು ಚಕ್ಕುಲಿ ಡಬ್ಬಿಗೆ ತುಂಬ್ತಾ ಇದಾರೆ. ಜಾಗ ಇಲ್ಲ.

ನಿನ್ನೆ ಗೇಟ್ ದಾಟುವಾಗ ಪವಿತ್ರನ ತಲೆಯ ಕನಕಾಂಬರ ತೆಗೆಸಿದೆ. "ಹೆಂಡ್ತಿ ಮುಡಿ ಹೂವೂ ಬಿಡಲ್ವಲ್ಲ ಗುರು ನೀನು!" ಅಂದ ಉಮಾಶಂಕರ್. ಪವಿತ್ರ ತಾನೇ ಡ್ರಮ್ಮಿಗೆ ಹಾಕಿ, "ಆಚೆ ಕಡೆ ಎರಡು ಮೊಳ ಮಲ್ಲಿಗೆ ಕೊಡಿಸ್ಬೇಕು" ಅಂದಳು. ತ್ಯಾಮಗೊಂಡ್ಲಲ್ಲಿ ಕೊಡಿಸಿದೆ.

ಮನೆ ಮುಂದೆ ಬೈಕ್ ನಿಲ್ಲಿಸಿದಾಗ ಚಪ್ಪರದ ಕೆಳಗೆ ನಂಟರೆಲ್ಲ ಕೂತಿದ್ದರು. ಅಕ್ಕ ಒಳಗಿಂದ ಬಂದಳು. ಒಂದು ಕೈಲಿ ಮಚ್ಚು. ಕಣ್ಣು ಊದಿಕೊಂಡಿತ್ತು. ನಾನು ಮೆಟ್ಟಿಲಿಗೆ ಕಾಲಿಡೋಕೆ ಹೋದೆ.

"ಅಲ್ಲೇ ನಿಲ್ಲು" ಅಂದಳು.

ನಿಂತೆ.

"ನಿಮ್ಮೂರಿಂದ ಬಂದಿದೀಯ. ಹಂಗೇ ನನ್ನ ಮರ ಮುಟ್ತೀಯಾ? ಬಚ್ಚಲಲ್ಲಿ ನೀರು ಕಾದಿದೆ. ಸ್ನಾನ ಮಾಡಿ ಬಟ್ಟೆ ಬದಲಾಯಿಸ್ಕೊಂಡು ಬಾ. ಬಿಚ್ಚಿದ ಬಟ್ಟೆ ಸೋಪು ನೀರಿಗೆ ಹಾಕು. ರೀ, ಇವನಿಗೊಂದು ಪಂಚೆ ಕೊಡಿ."

ಭಾವ ಪಂಚೆ ಕೊಟ್ಟರು. ನೀರನ್ನೂ ಅವರೇ ತೋಡಿಟ್ಟಿದ್ದರು. "ನಿನಗಿಂತ ದೊಡ್ಡ ಗೇಟು ಮನೇಲೇ ಇದೆ ನೋಡು" ಅಂದರು. ಅಷ್ಟೇ ಮಾತು. ಆದರೆ ಸೋಪಿನ ಡಬ್ಬಿ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ನಿಂತೇ ಇದ್ದರು.

ಹಿತ್ತಲಿಗೆ ಹೋದೆವು. ಅಪ್ಪ ನೆಟ್ಟ ಅತ್ತಿಮರ ಈಗ ಮನೆ ಹೆಂಚಿಗಿಂತ ಎತ್ತರ ಇದೆ. ಕಾಂಡದ ತುಂಬ ಕಾಯಿ. ಅಕ್ಕ ಮಚ್ಚು ನನ್ನ ಕೈಗೆ ಕೊಟ್ಟಳು. ನಾನು ಮೊದಲು ಎಲೆ ತಿರುಗಿಸಿದೆ. ಅದು ಅಭ್ಯಾಸ ಆಗಿಹೋಗಿದೆ. ಒಂದು ಎಲೆ, ಇನ್ನೊಂದು, ಕುಡಿ, ಕವಲು. ಹಸಿರು, ಬರೀ ಹಸಿರು. ಅಕ್ಕ ನನ್ನ ಭುಜದ ಮೇಲಿಂದ ಬಗ್ಗಿ ತಾನೂ ನೋಡಿದಳು. "ಹಂಗೆ ನೋಡ್ಬೇಕಾ?" ಅಂದಳು. ಭೂತಗನ್ನಡಿ ಕೊಟ್ಟೆ. ಸಿಂಚನ ಬಂದಳು, ಅವಳೂ ನೋಡಿದಳು. ನಂಟರ ಮಕ್ಕಳೆಲ್ಲ ಸರದಿ ನಿಂತರು. ಪುರೋಹಿತರು ಹೊತ್ತು ಮೀರುತ್ತೆ ಅಂತ ಕೂಗೋವರೆಗೂ.

ಒಂದೇ ಏಟಿಗೆ ಕಡಿದೆ. ಹಾಲು ನನ್ನ ಮುಂಗೈ ಮೇಲೆ ಸುರೀತು. ಹೆಗಲ ಮೇಲೆ ಹೊತ್ತು, ವಾದ್ಯದವರ ಹಿಂದೆ ಮನೆ ಸುತ್ತಿ ಬಂದು ಚಪ್ಪರದಲ್ಲಿ ನೆಟ್ಟೆ. ಅರಿಶಿನ ಆಮೇಲೆ ಹಚ್ಚಿದರು. ನೋಡಿ ಆದ ಮೇಲೆ.

ಹುಡುಗನ ಕಡೆ ದೊಡ್ಡವರೊಬ್ಬರು ಅಮ್ಮನನ್ನ ಕೇಳಿದರಂತೆ, ತವರಿಂದ ಕಂಬ ಬರಲಿಲ್ವಂತೆ, ಹೌದಾ ಅಂತ. ಅಮ್ಮ ಹೇಳಿದಳಂತೆ, "ಬಂದು ಎಷ್ಟು ವರ್ಷ ಆಯ್ತು, ನೀವು ಈಗ ನೋಡ್ತಾ ಇದೀರ."

ನಾಳೆ ಮುಹೂರ್ತ ಬೆಳಿಗ್ಗೆಯೇ.


ಮಾರ್ಚ್ 19, ಬುಧವಾರ

ಡೈರಿ ಎಲ್ಲಿಟ್ಟಿದ್ದೆ ಅಂತ ಹುಡುಕಬೇಕಾಯ್ತು. ಅಮ್ಮ ಮತ್ತೆ ಹಾಲಿನ ಪಾತ್ರೆ ಇಟ್ಟಿದ್ದಳು.

ಬರೆಯೋಕೆ ಅಂಥಾದ್ದೇನಿಲ್ಲ. ಗೇಟಿಗೆ ಇನ್ನಿಬ್ಬರನ್ನ ಹಾಕಿದಾರೆ, ಅವರಿಗೆ ನೋಡೋದು ಹೇಳಿಕೊಡ್ತಾ ಇದೀನಿ. ಒಬ್ಬ ಕೇಳಿದ, ಅಣ್ಣ, ಹಕ್ಕಿ ಕಾಲಿಗೆ ಅಂಟಿಕೊಂಡು ಹೋದರೆ ಅಂತ. ಹಕ್ಕಿ ವಿಷಯ ಬಿಡು, ಮೊದಲು ಚೀಲದ ತಳ ನೋಡು ಅಂದೆ. ಉಮಾಶಂಕರ್ ಯಾಕೋ ಬಿದ್ದು ಬಿದ್ದು ನಕ್ಕ.

ನಮ್ಮ ಬಾವಿ ಪಕ್ಕದ ಮರದ ಮೇಲಿನ ಕೊಂಬೆಗಳನ್ನ ಮೇಡಂ ಏಣಿ ಹಾಕಿಸಿ ನೋಡಿಸಿದರು. ಎರಡು ಕೊಂಬೆಯಲ್ಲಿ ಸಿಕ್ಕಿತು. ಅಮ್ಮ ಕಡಿಸಿದ ಕೊಂಬೆ ಅವುಗಳ ಪಕ್ಕದ್ದೋ, ಕೆಳಗಿನದ್ದೋ ಅವಳಿಗೆ ನೆನಪಿಲ್ಲ. ನನಗೂ ಕೇಳಬೇಕು ಅನ್ನಿಸಲಿಲ್ಲ. ಆ ಎರಡನ್ನ ಕಡಿದು ಸುಟ್ಟೆವು. ಮರ ಉಳಿಯುತ್ತೆ.

ಅಕ್ಕ ಬೆಳಿಗ್ಗೆ ಬೆಳಿಗ್ಗೆ ಫೋಟೋ ಕಳಿಸ್ತಾಳೆ. ಹಿಪ್ಪುನೇರಳೆ ಎಲೆ, ಅಡಿ ಭಾಗ, ನರ ಕಾಣೋ ಹಾಗೆ. ಕೆಳಗೆ "ಏನೂ ಇಲ್ಲ ತಾನೇ?" ಅಂತ ಬರೆದಿರ್ತಾಳೆ. ಮದುವೆ ಕಂಬವನ್ನ ಬಚ್ಚಲ ನೀರು ಹೋಗೋ ಕಡೆ ನೆಟ್ಟಿದಾಳಂತೆ. ಹಿಡಿದುಕೊಂಡಿದೆಯಂತೆ. ಇನ್ನು ಎರಡು ಮಂಕರಿ ಹಣ್ಣು ಗುಡಿಸಬೇಕು ಅಂತ ಬೈತಾಳೆ.

ಈಗ ಪವಿತ್ರ ಒಳಗಿಂದ ಕೇಳಿದಳು, ಬೀಗ ಹಾಕಿದ್ರಾ ಅಂತ. ಹಾಕಿರ್ತೀನಿ ಅಂದೆ. ಹಾಕಿರ್ತೀನಿ ಅಂದರೆ ಏನು, ನೋಡಿದ್ರೋ ಇಲ್ವೋ ಅಂದಳು. ನೆನಪಿಲ್ಲ, ಹಾಕಿರ್ತೀನಿ ಬಿಡೇ ಅಂದೆ.

ಗೊಣಗಿಕೊಂಡು ಅವಳೇ ಎದ್ದು ಹೋದಳು ನೋಡೋಕೆ.